ಅಪ್‌ಡೇಟ್: ಫಾರ್ಮ್‌ನವರು ಅರ್ಧ ದುಡ್ಡು ವಾಪಸ್ ಹಾಕಿದರು

ಹೋದ ವಾರ ಕೇಳಿದ್ದೆನಲ್ಲ, ದಾವಣಗೆರೆ ಹತ್ತಿರದ ಒಂದು ಫಾರ್ಮ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಬೇಜಾರಾಯಿತು, ದುಡ್ಡು ವಾಪಸ್ ಕೇಳಬಹುದಾ ಅಂತ. ನಾಲ್ಕು ಜನಕ್ಕೆ 2,400 ರೂಪಾಯಿ ಕೊಟ್ಟಿದ್ದೆವು. ಎತ್ತಿನಗಾಡಿ ಸವಾರಿ, ಹಾಲು ಕರೆಯುವುದು, ರೊಟ್ಟಿ ಊಟ ಎಲ್ಲಾ ಸೇರಿದೆ ಅಂದಿದ್ದರು. ಹೋದರೆ ಗಾಡಿ ಇತ್ತು, ಎತ್ತು ಇರಲಿಲ್ಲ! ಮೊಲದ ಗೂಡು ಬಿಸಿಲಲ್ಲಿತ್ತು, ನೀರಿನ ಬಟ್ಟಲು ಒಣಗಿತ್ತು. ಮಗಳು ತನ್ನ ಬಾಟಲಿ ನೀರು ಸುರಿದಳು. ದುಡ್ಡಿಗಿಂತ ಜಾಸ್ತಿ ಸಿಟ್ಟು ಬಂದಿದ್ದು ಅದಕ್ಕೇ.

ನೀವು ಹೇಳಿದಂತೆ ಜಾಹೀರಾತಿನ ಸ್ಕ್ರೀನ್‌ಶಾಟ್, ದುಡ್ಡು ಕಟ್ಟಿದ ರಸೀದಿ ಎರಡನ್ನೂ ಮಾಲೀಕರಿಗೆ ವಾಟ್ಸಾಪ್ ಮಾಡಿದೆ. ಎರಡು ದಿನ ನೀಲಿ ಟಿಕ್ ಅಷ್ಟೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಅಂದ ಮೇಲೆ ಫೋನ್ ಬಂತು. "ಭಾನುವಾರ ರಶ್ ಇತ್ತು ಸರ್, ಎತ್ತಿಗೆ ಹುಷಾರಿರಲಿಲ್ಲ." ಎರಡಕ್ಕೂನಾ? ಸುಮ್ನೆ ಕೇಳಿಸಿಕೊಂಡೆ. ಸಂಜೆಗೆ 1,200 ಬಂತು.

ಗ್ರಾಹಕ ಆಯೋಗಕ್ಕೆ ಹೋಗಿ ಅಂದವರಿಗೆ: ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ನಿಜ. ಆದರೆ ಉಳಿದರ್ಧಕ್ಕೆ ರಜೆ ಹಾಕಿ ಓಡಾಡಲು ನನ್ನಿಂದ ಆಗಲ್ಲ. ಮೊಲದ ವಿಷಯ ಮಾತ್ರ ಬಿಡಲಿಲ್ಲ. ಗೂಡನ್ನು ನೆರಳಿಗೆ ಸರಿಸಿದ ಫೋಟೋ ಕಳಿಸಿದ್ದಾರೆ.

ಈ ಭಾನುವಾರ ಚಿತ್ರದುರ್ಗದ ಆಡುಮಲ್ಲೇಶ್ವರ ಕಿರು ಮೃಗಾಲಯಕ್ಕೆ ಹೋಗಿದ್ದೆವು. ಮಗ ಕರಡಿ ಮುಂದಿನಿಂದ ಅಲುಗಾಡಲೇ ಇಲ್ಲ. ವಾಪಸ್ ಬಂದು ಮಂಡಕ್ಕಿ, ಮಿರ್ಚಿ ತಿಂದೆವು. ಮಗಳು ಇನ್ನೂ ಕೇಳುತ್ತಿದ್ದಾಳೆ, ಆ ಮೊಲಕ್ಕೆ ನೀರು ಇಟ್ಟಿರ್ತಾರಾ ಅಂತ.