ಮಳೆಗಾಲದಲ್ಲಿ ಬೆಂಕಿ ಹಚ್ಚಲು ಸರ್ವೈವಲ್ ಕಿಟ್ ನಂಬಬಹುದಾ? ಅನುಭವ ಇದ್ದವರು ಹೇಳಿ

ಆಗಸ್ಟ್‌ನಲ್ಲಿ ನಾವು ನಾಲ್ಕು ಜನ ಶಿರಸಿ ಹತ್ತಿರ ಮಾವನ ಮನೆಯ ಬೆಟ್ಟದಲ್ಲಿ ಒಂದು ರಾತ್ರಿ ಟೆಂಟ್ ಹಾಕುವವರಿದ್ದೇವೆ. ಆನ್‌ಲೈನ್‌ನಲ್ಲಿ ಒಂದು ಕಿಟ್ ನೋಡಿದೆ. ಹಗ್ಗದ ಕೈಪಟ್ಟಿ, ಅದರ ಕೊಂಡಿಯಲ್ಲೇ ಕಿಡಿ ಹಾರಿಸುವ ಕಡ್ಡಿ, ಮೆಗ್ನೀಸಿಯಂ ತುಂಡು, ಎಟಿಎಂ ಕಾರ್ಡ್‌ನಷ್ಟು ತೆಳ್ಳಗಿನ ಭೂತಗನ್ನಡಿ, ಚಾರ್ಜ್ ಮಾಡುವ ಲೈಟರ್. ಇವು ನಿಜಕ್ಕೂ ಕೆಲಸಕ್ಕೆ ಬರುತ್ತವಾ, ಸುಮ್ನೆ ದುಡ್ಡು ದಂಡವಾ?

ಶಿರಸಿಯಿಂದ:

ಇವನ್ನೆಲ್ಲ ಒಂದೊಂದಾಗಿ ಕೊಂಡು ನೋಡಿದ್ದೇನೆ. ಹೋದ ಜುಲೈನಲ್ಲಿ ನಮ್ಮ ಬಚ್ಚಲುಮನೆಯ ಹೊರಗೆ, ಮಾಡಿನ ಕೆಳಗೆ ಕೂತು ಎಲ್ಲವನ್ನೂ ಪರೀಕ್ಷೆ ಮಾಡಿದೆ. ಹೊರಗೆ ಮೂರು ದಿನದಿಂದ ಬಿಡದೆ ಮಳೆ.

ಕೈಪಟ್ಟಿಯಿಂದ ಶುರು ಮಾಡಿದೆ. ಅದರ ಕಡ್ಡಿ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ, ಉದ್ದ ಅರ್ಧ ಬೆರಳು. ಕೆರೆಯಲು ಕೊಟ್ಟ ತಗಡು ನಾಲ್ಕನೇ ಸಲಕ್ಕೇ ಬಾಗಿತು. ಬೆರಳಿಗೆ ಹಿಡಿತವೇ ಸಿಗುವುದಿಲ್ಲ. ಹೆಬ್ಬೆರಳ ಚರ್ಮ ಸುಲಿಯಿತು, ಬೆಂಕಿ ಬರಲಿಲ್ಲ. ಚಳಿಗೆ ಕೈ ಮರಗಟ್ಟಿದಾಗ ಇದನ್ನು ನಂಬಿ ಕೂರಬೇಡಿ.

ಆಮೇಲೆ ಪೆನ್ಸಿಲ್ ದಪ್ಪದ ಫೆರೋ ರಾಡ್, ಅಂದರೆ ಗೀರಿದರೆ ಕಿಡಿ ಹಾರಿಸುವ ಲೋಹದ ಕಡ್ಡಿ, ತೆಗೆದೆ. ಇದು ಒಳ್ಳೆಯ ವಸ್ತು. ಹೊಸದರ ಮೇಲೆ ಕಪ್ಪು ಬಣ್ಣದ ಲೇಪ ಇರುತ್ತದೆ, ಮೊದಲು ಅದನ್ನು ಕೆರೆದು ತೆಗೆಯಬೇಕು. ಆಮೇಲೆ ಗೀರಿದರೆ ಸುಮಾರು 3000 ಡಿಗ್ರಿ ಬಿಸಿಯ ಕಿಡಿಗಳು. ಬಕೆಟ್ ನೀರಲ್ಲಿ ಮುಳುಗಿಸಿ ಒರೆಸಿದೆ, ಆಗಲೂ ಕಿಡಿ ಬಂತು.

ಆದರೆ ಬೆಂಕಿ ಹತ್ತಲಿಲ್ಲ! ಅಂಗಳದ ಮೂಲೆಯಲ್ಲಿ ಟಾರ್ಪಾಲ್ ಮುಚ್ಚಿಟ್ಟಿದ್ದ ಅಡಿಕೆ ಸಿಪ್ಪೆ ತಂದಿದ್ದೆ. ನೋಡಲು ಒಣಗಿದಂತೇ ಇತ್ತು. ಕಿಡಿ ಅದರ ಮೇಲೆ ಬೀಳುತ್ತಿತ್ತು, ಆರುತ್ತಿತ್ತು. ಐವತ್ತು ಸಲವಾದರೂ ಗೀರಿರಬೇಕು. ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಕಿಡಿ ಬಂದ್ರೆ ಸಾಕಾಗ್ತಿಲ್ಲೆ ತಮಾ, ಸಿಪ್ಪೆ ಥಂಡಿ ಹಿಡದ್ದು" ಅಂದರು. ಹಂಡೆ ಒಲೆಯ ಮೇಲಿನ ಅಟ್ಟದಿಂದ ಒಂದು ಹಿಡಿ ಸಿಪ್ಪೆ ತಂದರು. ವರ್ಷವಿಡೀ ಹೊಗೆ ತಿಂದ ಸಿಪ್ಪೆ ಅದು, ಮುಟ್ಟಿದರೆ ಗರಗರ ಅನ್ನುತ್ತಿತ್ತು. ನಾರು ಬಿಡಿಸಿ, ಅಂಗೈಯಲ್ಲಿ ಉಜ್ಜಿ, ಹಕ್ಕಿಗೂಡಿನ ಹಾಗೆ ಮಾಡಿ ಕೊಟ್ಟರು. ಮೂರನೇ ಗೀರಿಗೆ ಒಂದು ನಾರಿನ ತುದಿ ಕೆಂಪಾಯಿತು. ಮೆಲ್ಲಗೆ ಊದಿದೆ, ಹೊಗೆ ದಪ್ಪವಾಯಿತು, ಆಮೇಲೆ ಭುಗ್ ಅಂತ ಹತ್ತಿತು.

ಗೀರುವಾಗ ತಗಡನ್ನು ಮುಂದೆ ತಳ್ಳಬೇಡಿ, ಕೈ ಜಾರಿ ಗೂಡೇ ಚೆಲ್ಲಾಪಿಲ್ಲಿಯಾಗುತ್ತದೆ. ತಗಡು ನಿಂತಲ್ಲೇ ಇರಲಿ, ರಾಡನ್ನು ಹಿಂದಕ್ಕೆ ಎಳೆಯಿರಿ.

ರಾಡಿನ ಈ ಮಿಶ್ರಲೋಹವನ್ನು 1903ರಲ್ಲಿ ಆಸ್ಟ್ರಿಯಾದ ಕಾರ್ಲ್ ಔಯರ್ ಫಾನ್ ವೆಲ್ಸ್‌ಬಾಖ್ ಕಂಡುಹಿಡಿದರು. ಚಕ್ರ ತಿರುಗಿಸುವ ಮಾಮೂಲಿ ಲೈಟರ್ ಒಳಗಿನ ಪುಟ್ಟ ಕಲ್ಲೂ ಇದೇ ಜಾತಿಯದು. ಲೈಟರಿನಲ್ಲಿ ಕಿಡಿಯ ಜೊತೆ ಗ್ಯಾಸೂ ಇರುತ್ತದೆ, ರಾಡಿನಲ್ಲಿ ಬರೀ ಕಿಡಿ. ಹಾಗಾಗಿ ನನ್ನ ಚೀಲದಲ್ಲಿ ಮೊದಲು ಎರಡು ಲೈಟರ್, ರಾಡ್ ಆಮೇಲೆ.

ಮೆಗ್ನೀಸಿಯಂ ತುಂಡನ್ನು ಹತ್ತು ನಿಮಿಷ ಕೆರೆದಾಗ ರೂಪಾಯಿ ಅಗಲದ ಪುಡಿ ಸಿಕ್ಕಿತು. ಒಂದು ಗಾಳಿಗೆ ಅರ್ಧ ಹಾರಿಹೋಯಿತು. ಉಳಿದದ್ದು ಕಣ್ಣು ಕೋರೈಸುವ ಹಾಗೆ ಉರಿದು ಕೆಲವೇ ಕ್ಷಣಕ್ಕೆ ಮುಗಿಯಿತು. ಭೂತಗನ್ನಡಿ ಫೆಬ್ರವರಿಯಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು, ಆದರೆ ಆಗಸ್ಟ್‌ನಲ್ಲಿ ನಮ್ಮಲ್ಲಿ ಬಿಸಿಲೆಲ್ಲಿದೆ? ಚಾರ್ಜ್ ಲೈಟರ್ ಗಾಳಿಗೆ ಆರುವುದಿಲ್ಲ, ಅದು ನಿಜ. ಆದರೆ ವಿದ್ಯುತ್ ಕಿಡಿ ಹಾರುವ ಎರಡು ಮುಳ್ಳುಗಳ ನಡುವಿನ ಸಂದಿಯಲ್ಲಿ ತೆಳ್ಳಗಿನದು ಮಾತ್ರ ಹಿಡಿಸುತ್ತದೆ. ಚಾರ್ಜ್ ಮುಗಿದರೆ ಕಾಡಲ್ಲಿ ಏನು ಮಾಡುತ್ತೀರಿ?

ಕಾರವಾರದಿಂದ:

ಮೇಲಿನವರು ಹೇಳಿದ್ದಕ್ಕೆ ಕಡಲ ಕಡೆಯ ಅನುಭವ ಸೇರಿಸುತ್ತೇನೆ. ನನ್ನ ರಾಡನ್ನು ಬೈತಖೋಲ್‌ನಲ್ಲಿ ಗೆಳೆಯನ ದೋಣಿಯ ಪೆಟ್ಟಿಗೆಯಲ್ಲಿ ಒಂದು ಮಳೆಗಾಲ ಮರೆತುಬಿಟ್ಟಿದ್ದೆ. ತೆಗೆದು ನೋಡಿದರೆ ಮೈತುಂಬ ಬಿಳಿ ಹುಡಿ, ಗೀರಿದರೆ ಉದುರಿಹೋಯಿತು. ಉಪ್ಪುಗಾಳಿ ಈ ಲೋಹವನ್ನು ತಿಂದುಹಾಕುತ್ತದೆ. ಈಗ ಸ್ವಲ್ಪ ಎಣ್ಣೆ ಸವರಿ, ಬಿಗಿ ಡಬ್ಬಿಯಲ್ಲಿ ಇಡುತ್ತೇನೆ.

ಲೈಟರ್ ನೀರಿಗೆ ಬಿದ್ದರೆ ಎಸೆಯಬೇಡಿ. ಚೆನ್ನಾಗಿ ಕೊಡವಿ, ಊದಿ, ಒಣ ಬಟ್ಟೆಯ ಮೇಲೆ ಚಕ್ರವನ್ನು ಉರುಳಿಸುತ್ತಾ ಇರಿ. ಕಲ್ಲು ಒಣಗಿದ ಮೇಲೆ ಮತ್ತೆ ಹತ್ತುತ್ತದೆ.

ಕಡ್ಡಿಪೆಟ್ಟಿಗೆ ಒಯ್ಯುವವರು ಕಡ್ಡಿ ಮಾತ್ರ ಒಣಗಿದ್ದರೆ ಸಾಕು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕೆಂಪು ರಂಜಕ ಇರುವುದು ಪೆಟ್ಟಿಗೆಯ ಪಕ್ಕದ ಪಟ್ಟಿಯಲ್ಲಿ. ಆ ಪಟ್ಟಿ ನೆನೆದು ಕಿತ್ತುಹೋದರೆ ಒಣ ಕಡ್ಡಿ ಎಷ್ಟಿದ್ದರೂ ಉಪಯೋಗ ಇಲ್ಲ. ಪೂರ್ತಿ ಪೆಟ್ಟಿಗೆಯನ್ನೇ ಪ್ಲಾಸ್ಟಿಕ್‌ನಲ್ಲಿ ಸುತ್ತಿ.

ಯಲ್ಲಾಪುರದಿಂದ:

ಕಿಟ್‌ಗೆ ಹಾಕುವ ದುಡ್ಡಲ್ಲಿ ಹತ್ತಿ, ವ್ಯಾಸಲೀನ್, ಕರ್ಪೂರ ತಗೊಳ್ಳಿ. ಹತ್ತಿಗೆ ವ್ಯಾಸಲೀನ್ ಉಜ್ಜಿ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ. ಹಚ್ಚುವಾಗ ಉಂಡೆಯನ್ನು ಸ್ವಲ್ಪ ಬಿಡಿಸಿ, ಒಳಗಿನ ಒಣ ಎಳೆ ಮೇಲೆ ಬರಲಿ. ಕಿಡಿಗೂ ಹತ್ತುತ್ತದೆ, ನಿಮಿಷಗಟ್ಟಲೆ ಉರಿಯುತ್ತದೆ. ಸಿಬುರು ಹತ್ತಲು ಅಷ್ಟು ಹೊತ್ತು ಬೇಕೇ ಬೇಕು. ಕರ್ಪೂರವನ್ನು ಕಾಗದದಲ್ಲಿ ಕಟ್ಟಿಟ್ಟರೆ ಹೋಗುವಷ್ಟರಲ್ಲಿ ಅರ್ಧ ಹಾರಿಹೋಗಿರುತ್ತದೆ, ಬಿಗಿ ಮುಚ್ಚಳದ ಡಬ್ಬಿ ಬೇಕು.

ನೆಲದ ಮೇಲೆ ಬಿದ್ದ ಕಟ್ಟಿಗೆ ಆಗಸ್ಟ್‌ನಲ್ಲಿ ಉರಿಯುವುದಿಲ್ಲ. ಕತ್ತಿಯಲ್ಲಿ ಸೀಳಿದರೂ ಒಳಗೆ ನೀರೇ. ಮಾವನವರ ಕೊಟ್ಟಿಗೆಯಿಂದ ಒಣ ಚಕ್ಕೆ, ಗರಟೆ ಒಂದು ಚೀಲ ತುಂಬಿಕೊಂಡು ಹೋಗಿ.

ಮತ್ತೆ ಶಿರಸಿಯಿಂದ:

ಮೊದಲೇ ಬರೆಯಬೇಕಿತ್ತು, ಬಿಟ್ಟುಹೋಯಿತು. ಬೆಟ್ಟದಲ್ಲಿ ಅಂತ ಬರೆದಿದ್ದೀರಲ್ಲ, ಅದು ಸೊಪ್ಪಿನ ಬೆಟ್ಟವಾ? ಬಾಯಲ್ಲಿ ನಮ್ಮ ಬೆಟ್ಟ ಅನ್ನುತ್ತೇವೆ, ಆದರೆ ಅದು ಅರಣ್ಯ ಭೂಮಿ. ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸೌಲಭ್ಯ ನಮ್ಮದು, ಅಷ್ಟೇ. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಮಳೆಗಾಲ ಅಂತ ಸುಮ್ಮನೆ ವಿನಾಯಿತಿ ಇದೆ ಅಂದುಕೊಳ್ಳಬೇಡಿ. ಟೆಂಟ್ ಹಾಕುವುದಕ್ಕೂ ಅನುಮತಿ ಕೇಳಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:

ಸೊಪ್ಪಿನ ಬೆಟ್ಟವೇ. ಇದು ನನಗೆ ಗೊತ್ತೇ ಇರಲಿಲ್ಲ. ಮಾವನ ಹತ್ತಿರ ಮಾತಾಡಿದೆ, ಅಡಿಕೆ ಅಂಗಳದಲ್ಲೇ ಟೆಂಟ್ ಹಾಕಿ ಅಂದರು. ಮಳೆ ಜೋರಾದರೆ ಟೆಂಟ್ ಒಳಗೇ ಒಂದು ಬಾಣಲೆಯಲ್ಲಿ ಕೆಂಡ ಇಟ್ಟುಕೊಂಡರೆ ಆಗುತ್ತಾ?

ಶಿರಸಿಯಿಂದ:

ಖಂಡಿತ ಬೇಡ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಜಿಪ್ ಹಾಕಿದ ಟೆಂಟ್‌ನಲ್ಲಿ ಮಲಗಿದವರು ಏಳದೇ ಹೋಗಬಹುದು. ಚಳಿಯಾದರೆ ಎದ್ದು ಬಚ್ಚಲೊಲೆ ಮುಂದೆ ಹೋಗಿ ಕೂತುಕೊಳ್ಳಿ. ರಾಡ್ ತಗೊಂಡಿದ್ದರೆ ಅಲ್ಲೇ ಗೀರಿ ಅಭ್ಯಾಸ ಮಾಡಿ, ಅಟ್ಟದ ಸಿಪ್ಪೆ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇರುತ್ತದೆ.