ಪದಚರ್ಚೆ: ಐರಿಶ್ ಕೈದಿಯ ಮೂಲ ಹುಡುಕುವಾಗ – ಗಡೀಪಾರು, ಊರು, ಟೌನ್‌ಲ್ಯಾಂಡ್

ಎಲ್ಲರಿಗೂ ನಮಸ್ಕಾರ.

ನನ್ನ ಗಂಡನ ಮನೆತನದ ಹಿರೀಕರೊಬ್ಬರು 1830ರ ದಶಕದಲ್ಲಿ ಐರ್ಲೆಂಡಿನ ಟಿಪ್ಪರರಿಯಿಂದ ಕೈದಿಯಾಗಿ ಸಿಡ್ನಿಗೆ ಬಂದವರು. ಅವರ ಮೂಲ ಹುಡುಕುತ್ತಿದ್ದೇವೆ. ಆ ಹುಡುಕಾಟವನ್ನು ನಮ್ಮ ಮಕ್ಕಳಿಗೂ ಊರಿನಲ್ಲಿರುವ ಅಮ್ಮನಿಗೂ ಅಂತ ಕನ್ನಡದಲ್ಲಿ ಬರೆಯಲು ಕೂತರೆ ಕೆಲವು ಪದಗಳ ಹತ್ತಿರ ಕೈ ನಿಂತುಬಿಡುತ್ತಿದೆ.

ಮೊದಲು ಶಿಕ್ಷೆಯ ಹೆಸರು. ‘ಟ್ರಾನ್ಸ್‌ಪೋರ್ಟೇಶನ್’ಗೆ, ಅಂದರೆ ಅಪರಾಧಿಯನ್ನು ಹಡಗು ಹತ್ತಿಸಿ ದೂರದ ವಸಾಹತಿಗೆ ಕಳಿಸುವ ಶಿಕ್ಷೆಗೆ, ‘ಗಡೀಪಾರು’ ಎಂದು ಬರೆಯುವುದು ರೂಢಿ. ಆದರೆ ಇವತ್ತು ಪೇಪರ್ ಓದುವವರಿಗೆ ಗಡೀಪಾರು ಎಂದರೆ ರೌಡಿಯನ್ನು ಜಿಲ್ಲೆಯಿಂದಾಚೆ ಹಾಕುವುದು. ಪಕ್ಕದ ಜಿಲ್ಲೆಯಲ್ಲಿ ಅವನು ಆರಾಮಾಗಿ ಇರಬಹುದು. ಇಲ್ಲಿ ಹಾಗಲ್ಲ. 7 ವರ್ಷ, 14 ವರ್ಷ ಅಥವಾ ಜೀವಮಾನವಿಡೀ. ತಿಂಗಳುಗಟ್ಟಲೆ ಹಡಗು, ಇಳಿದ ಮೇಲೆ ಕಡ್ಡಾಯ ದುಡಿಮೆ. 1791ರಲ್ಲಿ ಕಾರ್ಕ್‌ನಿಂದ ಹೊರಟ ‘ಕ್ವೀನ್’ ಐರ್ಲೆಂಡಿನಿಂದ ನೇರವಾಗಿ ಕೈದಿಗಳನ್ನು ತಂದ ಮೊದಲ ಹಡಗು. ಈ ಶಿಕ್ಷೆ ಆಸ್ಟ್ರೇಲಿಯಾದಲ್ಲಿ ಪೂರ್ತಿ ನಿಂತದ್ದು 1868ರಲ್ಲಿ. ‘ಕರಿನೀರಿನ ಶಿಕ್ಷೆ’ ಎಂದರೆ ಅಂಡಮಾನಿನ ಸೆಲ್ಯುಲರ್ ಜೈಲೇ ಕಣ್ಣಿಗೆ ಕಟ್ಟುತ್ತದೆ. ಸಿಡ್ನಿಗೆ ಬಂದವರಲ್ಲಿ ಹೆಚ್ಚಿನವರನ್ನು ಸೆರೆಕೋಣೆಗೆ ಹಾಕದೆ, ಯಾರಾದರೂ ಜಮೀನ್ದಾರನಲ್ಲಿ ಊಟ ಬಟ್ಟೆಗಷ್ಟೇ ದುಡಿಯಲು ಬಿಡುತ್ತಿದ್ದರು. ಅದನ್ನು ‘ಜೀತ’ ಎನ್ನಲೂ ಮನಸ್ಸು ಬರುವುದಿಲ್ಲ. ಜೀತಕ್ಕೆ ಸಾಲ ಬೇಕು, ಇಲ್ಲಿರುವುದು ಕೋರ್ಟಿನ ತೀರ್ಪು. ನನ್ನ ಒಲವು ‘ದ್ವೀಪಾಂತರ ಶಿಕ್ಷೆ’ಯ ಕಡೆಗಿದೆ. 1860ರ ಭಾರತೀಯ ದಂಡ ಸಂಹಿತೆಯಲ್ಲೂ ಇದೇ ಶಿಕ್ಷೆ ಇತ್ತು, 1955ರ ತಿದ್ದುಪಡಿಯಲ್ಲಿ ಅದು ಜೀವಾವಧಿ ಸೆರೆವಾಸವಾಯಿತು. ಹಾಗಾಗಿ ನಮ್ಮ ಹಳೆಯ ಕೋರ್ಟು ಕಾಗದಗಳಲ್ಲಿ ಕನ್ನಡ ಪದವೊಂದು ಇದ್ದೇ ಇರಬೇಕು. ಅಂಥ ಕಾಗದ ಕಂಡವರು ದಯವಿಟ್ಟು ತಿಳಿಸಿ.

ನನಗೆ ಇದಕ್ಕಿಂತ ಹೆಚ್ಚು ಮುಖ್ಯವಾದದ್ದು ‘ಊರು’. ಹಡಗು ಸಿಡ್ನಿ ಮುಟ್ಟಿದಾಗಿನ ಕೈದಿಪಟ್ಟಿಯಲ್ಲಿ ಅವರ ಸಾಲು ಹೀಗಿದೆ: ವಯಸ್ಸು 24, ಓದಲು ಬರುತ್ತದೆ, ಬರೆಯಲು ಬಾರದು, ಕ್ಯಾಥೊಲಿಕ್, ಕಸುಬು ನೇಗಿಲು ಹೊಡೆಯುವುದು, ಕುರಿ ಕಳವು, ವಿಚಾರಣೆ ಕ್ಲಾನ್ಮೆಲ್‌ನಲ್ಲಿ, 7 ವರ್ಷ, ಎಡಹುಬ್ಬಿನ ಮೇಲೆ ಗಾಯದ ಕಲೆ. ಕೊನೆಯಲ್ಲಿ ಸಣ್ಣಕ್ಷರದಲ್ಲಿ, ‘ಬ್ರದರ್’ ಮೊದಲೇ ಬಂದಿದ್ದಾನೆ ಎಂದಿದೆ. ಅಣ್ಣನೋ ತಮ್ಮನೋ ಇಂಗ್ಲಿಷು ಹೇಳುವುದಿಲ್ಲ. ಸದ್ಯಕ್ಕೆ ‘ಒಡಹುಟ್ಟಿದವನು’ ಎಂದು ಬರೆದಿದ್ದೇನೆ. ‘ನೇಟಿವ್ ಪ್ಲೇಸ್’ ಕಾಲಮ್ಮಿನಲ್ಲಿ ಮಾತ್ರ ಬರೀ ‘ಕೌಂಟಿ ಟಿಪ್ಪರರಿ’, ಅಂದರೆ ಇಡೀ ಜಿಲ್ಲೆಯ ಹೆಸರು. ನಮ್ಮಲ್ಲಿ ‘ನಿಮ್ಮ ನೇಟಿವ್ ಯಾವುದು’ ಎಂದರೆ ಹಳ್ಳಿಯ ಹೆಸರೇ ಬಾಯಿಗೆ ಬರುತ್ತದಲ್ಲ, ನಮಗೆ ಬೇಕಾಗಿರುವುದೂ ಅಷ್ಟೇ ಸಣ್ಣ ಹೆಸರು. ಯಾಕೆಂದರೆ 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆಗಳ ಕಚೇರಿ ಸುಟ್ಟು, 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಬೂದಿಯಾಯಿತು. ಆ ನಷ್ಟವನ್ನು ಸ್ವಲ್ಪವಾದರೂ ತುಂಬುವುದು 1823–37ರ ಟೈಥ್ (ಚರ್ಚಿಗೆ ಕೊಡಬೇಕಾಗಿದ್ದ ತೆರಿಗೆ) ಪುಸ್ತಕಗಳು ಮತ್ತು 1847–64ರ ಗ್ರಿಫಿತ್ ಜಮೀನು ಮೌಲ್ಯಮಾಪನ. ಎರಡೂ ಇರುವುದು ಟೌನ್‌ಲ್ಯಾಂಡ್ ಪ್ರಕಾರ. ಒಂದೇ ಹೆಸರಿನವರು ಜಿಲ್ಲೆ ತುಂಬ ಇರುವಾಗ ಟೌನ್‌ಲ್ಯಾಂಡ್ ತಿಳಿಯದೆ ಮುಂದೆ ಹೋಗುವಂತಿಲ್ಲ.

ಹೆಸರಿನಲ್ಲಿ ‘ಟೌನ್’ ಇದ್ದರೂ ಅದು ಪಟ್ಟಣವಲ್ಲ. ಗಡಿ, ಹೆಸರು ಎರಡೂ ಇರುವ ಅತಿ ಚಿಕ್ಕ ನೆಲದ ತುಂಡು. ಐರ್ಲೆಂಡಿನಲ್ಲಿ 60,000ಕ್ಕೂ ಹೆಚ್ಚಿವೆ. ಕೆಲವಲ್ಲಿ ಒಂದು ಮನೆಯೂ ಇಲ್ಲ. ‘ಹಳ್ಳಿ’, ‘ಮಜರೆ’ ಎಂದರೆ ಮನೆಗಳ ಗುಂಪು ಎಂದಾಗುತ್ತದೆ, ಅದು ತಪ್ಪು. ಕಂದಾಯ ಇಲಾಖೆಯ ‘ಗ್ರಾಮ’ ಹೆಚ್ಚು ಹತ್ತಿರ: ಜನರೆಲ್ಲ ಬಿಟ್ಟುಹೋದರೂ ‘ಬೇಚರಾಕ್ ಗ್ರಾಮ’ ಅಂತ ದಾಖಲೆಯಲ್ಲಿ ಉಳಿದೇ ಇರುತ್ತದೆ. ಆದರೆ ಬರೀ ‘ಗ್ರಾಮ’ ಎಂದರೆ ಓದುವವರು ಪಂಚಾಯಿತಿ, ದೇವಸ್ಥಾನ, ಅರಳಿಕಟ್ಟೆಯನ್ನೇ ನೆನೆಯುತ್ತಾರೆ. ‘ಕಂದಾಯ ಗ್ರಾಮ’ ಎನ್ನಲೇ? ಇಲ್ಲ, ಟೌನ್‌ಲ್ಯಾಂಡ್ ಎಂದೇ ಉಳಿಸಿ ಒಮ್ಮೆ ವಿವರಿಸಲೇ?

ಹಲವು ಟೌನ್‌ಲ್ಯಾಂಡ್ ಸೇರಿದ ‘ಪ್ಯಾರಿಶ್’ ಕೂಡ ಎರಡು ಬಗೆ. ಚರ್ಚಿನ ಪ್ಯಾರಿಶ್‌ಗೆ ನಮ್ಮ ಕ್ಯಾಥೊಲಿಕರ ‘ಧರ್ಮಕೇಂದ್ರ’ ಸರಿಹೋಗುತ್ತದೆ. ಸರ್ಕಾರಿ ಲೆಕ್ಕದ ಪ್ಯಾರಿಶ್‌ನ ಗಡಿಯೇ ಬೇರೆ, ಅದಕ್ಕೆ ಇನ್ನೂ ಪದ ಹೊಳೆದಿಲ್ಲ.

ಕೊನೆಯದು ‘ಟಿಕೆಟ್ ಆಫ್ ಲೀವ್’. ರಜೆಗೂ ಇದಕ್ಕೂ ಸಂಬಂಧವಿಲ್ಲ. 7 ವರ್ಷದ ಶಿಕ್ಷೆಯವರು ಸನ್ನಡತೆಯಿಂದ 4 ವರ್ಷ ಕಳೆದರೆ ಸಿಗುತ್ತಿದ್ದ ಚೀಟಿ ಇದು. ಗೊತ್ತುಮಾಡಿದ ಜಿಲ್ಲೆಯೊಳಗೆ ತಮ್ಮ ಪಾಡಿಗೆ ಕೂಲಿ ಮಾಡಿ ಬದುಕಬಹುದು. ಕರೆದಾಗ ಹಾಜರಿ ಹಾಕಬೇಕು, ನಡತೆ ಕೆಟ್ಟರೆ ಚೀಟಿ ರದ್ದು. ‘ಪೆರೋಲ್’ ಎಂದರೆ ಇವತ್ತಿನ ಜೈಲಿನ ವಾಸನೆ. ‘ರಹದಾರಿ’ ಎಂದರೆ ತಿರುಗಾಟಕ್ಕೆ ಪರವಾನಗಿ ಎಂದಾಗುತ್ತದೆ, ಇದು ಅದಕ್ಕೆ ಉಲ್ಟಾ. ‘ಸಡಿಲಿಕೆ ಚೀಟಿ’ ಎಂದು ಬರೆದುಕೊಂಡಿದ್ದೇನೆ. ಕಿವಿಗೆ ಒಪ್ಪುತ್ತದೆಯೇ ಹೇಳಿ, ಇದಕ್ಕಿಂತ ಒಳ್ಳೆಯದಿದ್ದರೆ ಕೊಡಿ.