ಆರು ತಿಂಗಳ ಕೂಸಿಗೆ ಊಟ ಶುರು ಮಾಡುವುದು ಹೇಗೆ?

ಪ್ರಶ್ನೆ (ಟಿಕೋಟಾದ ಒಬ್ಬ ತಾಯಿ): ನಮಸ್ಕಾರ ಮೇಡಂ. ನನ್ನ ಮಗನಿಗೆ ಮೊನ್ನೆ ಆರು ತಿಂಗಳು ತುಂಬಿತು. ಇಲ್ಲಿವರೆಗೆ ಬರೀ ಎದೆಹಾಲು. ಈಗ ಜೋಳದ ತಿಳಿ ಗಂಜಿ ಮಾಡಿ, ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಿಂದ ಹಾಕೋಣ ಅಂತಾರೆ ಅತ್ತೆಯವರು. ನಾಲಿಗೆಗೆ ಸ್ವಲ್ಪ ಜೇನುತುಪ್ಪವನ್ನೂ ಹಚ್ಚೋಣ ಅಂತಾರೆ. ನನಗೆ ಭಯ. ಏನು ಮಾಡಲಿ?

ಮಕ್ಕಳ ಡಾಕ್ಟರ್: ಸರಿಯಾದ ಹೊತ್ತಿಗೆ ಕೇಳಿದಿರಿ ತಾಯಿ. ಕೂಸು ಹುಟ್ಟುವಾಗ ಮೈಯಲ್ಲಿದ್ದ ಕಬ್ಬಿಣದ ಅಂಶ ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಎದೆಹಾಲು ಬೇಕೇ ಬೇಕು, ಆದರೆ ಅದೊಂದೇ ಸಾಲದು. ಅತ್ತೆಯವರು ಜೋಳ ಅಂದದ್ದು ಒಳ್ಳೆಯದೇ. ಮಲಗಿಸಿ ಹಾಕುವುದು ಮಾತ್ರ ಬೇಡವೇ ಬೇಡ. ಅಳುತ್ತಿರುವ ಕೂಸು ಉಸಿರೆಳೆದಾಗ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು, ನ್ಯುಮೋನಿಯಾ ಆಗಬಹುದು. ತೊಡೆಯ ಮೇಲೆ ನೆಟ್ಟಗೆ ಕೂಡಿಸಿ, ಚಮಚವನ್ನು ತುಟಿ ಹತ್ತಿರ ಹಿಡಿಯಿರಿ. ಅವನೇ ಬಾಯಿ ತೆಗೆಯಲಿ. ಮುಖ ತಿರುಗಿಸಿದರೆ ಸಾಕು ಅಂತ ಅರ್ಥ, ಒತ್ತಾಯ ಬೇಡ. ಕುತ್ತಿಗೆ ನಿಂತಿದೆ, ಆಸರೆ ಕೊಟ್ಟರೆ ಕೂರುತ್ತಾನೆ ಅಲ್ವಾ? ಹಾಗಿದ್ದರೆ ಶುರು ಮಾಡಿ.

ತಿಳಿ ಗಂಜಿಯಲ್ಲಿ ಬರೀ ನೀರೇ ಜಾಸ್ತಿ, ಹೊಟ್ಟೆ ತುಂಬುತ್ತದೆ, ಶಕ್ತಿ ಬರುವುದಿಲ್ಲ. ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ ಇರಲಿ. ಜೋಳದ ನುಚ್ಚಿಗೆ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ, ನುಣ್ಣಗೆ ಮಸೆದು, ಅರ್ಧ ಚಮಚ ತುಪ್ಪ ಹಾಕಿ. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಾಳಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಉಪ್ಪು ಒಂದು ವರ್ಷದವರೆಗೆ ಬೇಡ, ಸಕ್ಕರೆ, ಬೆಲ್ಲ ಎರಡು ವರ್ಷದವರೆಗೆ ಬೇಡ. ಮೊದಲು ಎರಡು-ಮೂರು ಚಮಚ, ದಿನಕ್ಕೆ ಎರಡು ಸಲ. ನಿಧಾನಕ್ಕೆ ಅರ್ಧ ಬಟ್ಟಲಿಗೆ ಏರಿಸಿ.

ಜೇನುತುಪ್ಪವನ್ನು ಒಂದು ವರ್ಷದೊಳಗೆ ನಾಲಿಗೆಗೆ ಹಚ್ಚುವುದೂ ಬೇಡ. ಅದರಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರಿಗೆ ಏನೂ ಆಗುವುದಿಲ್ಲ. ಆದರೆ ಕೂಸಿನ ಕರುಳಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಕೈಕಾಲು ಸೋಲುತ್ತವೆ, ಉಸಿರಾಟವೇ ಕಷ್ಟವಾಗಬಹುದು. ಅತ್ತೆಯವರಿಗೆ ನನ್ನ ಹೆಸರು ಹೇಳಿ, ಡಾಕ್ಟರ್ ಬೇಡ ಅಂದರು ಅನ್ನಿ.

ಪ್ರಶ್ನೆ (ವಿಜಯಪುರದ ಮತ್ತೊಬ್ಬ ತಾಯಿ): ಮೇಡಂ, ಶೇಂಗಾ, ಮೊಟ್ಟೆ ಒಂದು ವರ್ಷದವರೆಗೆ ಬೇಡ ಅಂತ ಹೇಳುತ್ತಿದ್ದರಲ್ಲ? ನಮ್ಮದು ದ್ರಾಕ್ಷಿ ತೋಟ. ಎಂಟು ತಿಂಗಳ ಮಗಳ ಕೈಗೆ ದ್ರಾಕ್ಷಿ ಕೊಡಬಹುದಾ?

ಮಕ್ಕಳ ಡಾಕ್ಟರ್: ಅದು ಹಳೆಯ ಸಲಹೆ ತಂಗಿ. ಶೇಂಗಾವನ್ನು ತಡ ಮಾಡದೆ ಕೊಟ್ಟರೆ ಅಲರ್ಜಿ ಕಡಿಮೆ ಅಂತ ಈಗ ಗೊತ್ತಾಗಿದೆ. ಆದರೆ ಹುರಿದು ನುಣ್ಣಗೆ ಪುಡಿ ಮಾಡಿ ಗಂಜಿಯಲ್ಲಿ ಕಲಸಿ, ಕಾಳು ಹಾಗೇ ಕೊಡಬೇಡಿ. ಖಾರದ ಶೇಂಗಾ ಹಿಂಡಿಯೂ (ಚಟ್ನಿಪುಡಿ) ಬೇಡ. ಮೊಟ್ಟೆ ಪೂರ್ತಿ ಬೆಂದಿರಲಿ. ಇವನ್ನು ಒಂದೊಂದಾಗಿ, ಹಗಲು ಹೊತ್ತಲ್ಲಿ ಸ್ವಲ್ಪ ಕೊಟ್ಟು ನೋಡಿ. ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಮಗಳಿಗೆ ಮೊದಲೇ ಜೋರು ಚರ್ಮದ ಇಸುಬು ಇದ್ದರೆ ಶೇಂಗಾ ಕೊಡುವ ಮುನ್ನ ಡಾಕ್ಟರಿಗೆ ತೋರಿಸಿ.

ಇಡೀ ದ್ರಾಕ್ಷಿ ಮಾತ್ರ ಕೊಡಬೇಡಿ. ಅದು ಕೂಸಿನ ಉಸಿರಿನ ದಾರಿಗೆ ಬಿರಡೆಯ ಹಾಗೆ ಕೂರುತ್ತದೆ. ಸಿಪ್ಪೆ, ಬೀಜ ತೆಗೆದು ಹಿಚುಕಿ ತಿನ್ನಿಸಿ. ಮೂರು-ನಾಲ್ಕು ವರ್ಷದ ಮಕ್ಕಳಿಗೂ ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಕೊಡಬೇಕು. ತೋಟದ ಮನೆಗಳಲ್ಲಿ ಒಣದ್ರಾಕ್ಷಿ ನೆಲದ ಮೇಲೆ ಬಿದ್ದಿರುತ್ತದೆ, ಅಂಬೆಗಾಲಿಡುವ ಮಕ್ಕಳಿದ್ದರೆ ಆರಿಸಿ ತೆಗೆಯಿರಿ.

ಪ್ರಶ್ನೆ (ಟಿಕೋಟಾದ ತಾಯಿ): ಇವತ್ತು ಕೂಡಿಸಿಯೇ ಕೊಟ್ಟೆ ಮೇಡಂ. ಎರಡು ಸಲ ಓಕರಿಸಿದ. ಹೆದರಿ ನಿಲ್ಲಿಸಿಬಿಟ್ಟೆ.

ಮಕ್ಕಳ ಡಾಕ್ಟರ್: ಓಕರಿಸುವುದು, ಕೆಮ್ಮುವುದು ಕಲಿಯುವಾಗ ಸಹಜ. ಸದ್ದು ಬರುತ್ತಿದ್ದರೆ ಉಸಿರು ಇದೆ ಅಂತ ಅರ್ಥ, ಸುಮ್ನೆ ನೋಡುತ್ತಾ ಇರಿ. ಸದ್ದೇ ಬರದೆ ಮುಖ ನೀಲಿಯಾದರೆ ಅದು ಅಪಾಯ. ಆಗ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಎರಡು ಹೆಗಲ ನಡುವೆ ಅಂಗೈಯಿಂದ ಐದು ಸಲ ಗಟ್ಟಿಯಾಗಿ ಬಡಿಯಿರಿ. ಹೋಗದಿದ್ದರೆ ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ ಐದು ಸಲ ಒತ್ತಿ. ಹೊರಬರುವವರೆಗೆ ಹೀಗೇ ಮಾಡುತ್ತಿರಿ. ಕಾಣದ ತುಂಡಿಗೆ ಬಾಯೊಳಗೆ ಬೆರಳು ಹಾಕಬೇಡಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ನಾಳೆ ಮತ್ತೆ ಎರಡು ಚಮಚ ಕೊಟ್ಟು ನೋಡಿ. ಹಾಗೇ ಆಶಾ ಕಾರ್ಯಕರ್ತೆಯನ್ನು ಕಬ್ಬಿಣದ ಸಿರಪ್ ಕೇಳಿ. ಆರು ತಿಂಗಳಿಂದ ವಾರಕ್ಕೆ ಎರಡು ಸಲ ಒಂದೊಂದು ಎಂಎಲ್ ಕೊಡುತ್ತಾರೆ.